ಬೀಡಿನ ಕಾವಲಿ ಕೊಳ್ಳಬೇಕೇ? ಅಂಗಡಿಗೆ ಹೋಗುವ ಮೊದಲು ಸಿಂಕ್ ನೋಡಿ

ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿ ಕೊಳ್ಳಲೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು? ಕೇಳಿದವರು ನಗುತ್ತಾರೆ. ನಾನು ಕೊಂಡ ಮೊದಲ ಕಾವಲಿ ಹಾಳಾದದ್ದು ಸಿಂಕಿನಲ್ಲಿ. ರಾತ್ರಿಯ ತಟ್ಟೆಗಳ ಅಡಿಯಲ್ಲಿ ನೀರಿನಲ್ಲಿ ಮುಳುಗಿದ್ದ ಅದನ್ನು ಬೆಳಿಗ್ಗೆ ಮನೆಗೆಲಸಕ್ಕೆ ಬರುವಾಕೆ ಸ್ಟೀಲ್ ನಾರಿನಿಂದ ಮನಸ್ಸಿಟ್ಟು ಉಜ್ಜಿ, ಕಪ್ಪನ್ನೆಲ್ಲ ತೆಗೆದು, ಬೋರಲು ಹಾಕಿ ಹೋಗಿದ್ದರು. ಅವರ ತಪ್ಪೇನಿಲ್ಲ, ಪಾತ್ರೆಯ ಕಪ್ಪನ್ನು ಉಳಿಸಿ ತೊಳೆಯಿರಿ ಎಂದು ಹೇಳಬೇಕಾದವಳು ನಾನು. ಸಂಜೆಯ ಹೊತ್ತಿಗೆ ಅದರ ಮೈತುಂಬ ಇಟ್ಟಿಗೆ ಬಣ್ಣದ ತುಕ್ಕು. ಮೂರು ತಿಂಗಳ ಪಳಗಿಸುವಿಕೆ, ಅಂದರೆ ಎಣ್ಣೆ ಸವರಿ ಕಾಯಿಸಿ ಕಟ್ಟಿಸಿದ ಕಪ್ಪು ಪೊರೆ, ಒಂದು ರಾತ್ರಿಯಲ್ಲಿ ತೊಳೆದುಹೋಗಿತ್ತು.

ಹಾಗಾಗಿ ಇಲ್ಲಿಯ ಹೆಜ್ಜೆಗಳಲ್ಲಿ ಅಂಗಡಿ ಬರುವುದು ಕೊನೆಯ ಹೊತ್ತಿಗೆ.

ಹೆಸರಿನ ಗೊಂದಲ ಮೊದಲು ಬಿಡಿಸಿಕೊಳ್ಳೋಣ

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಕಾವಲಿ, ಬಯಲುಸೀಮೆಯಲ್ಲಿ, ಉತ್ತರ ಕರ್ನಾಟಕದಲ್ಲಿ ಹಂಚು ಅಥವಾ ಹೆಂಚು, ಪೇಟೆಯಲ್ಲಿ ತವಾ. ಇವೆಲ್ಲ ಆಕಾರಕ್ಕೆ ಇಟ್ಟ ಹೆಸರುಗಳು. ಯಾವ ಲೋಹ ಎಂಬುದು ಇವುಗಳಿಂದ ತಿಳಿಯುವುದಿಲ್ಲ. ಸಂತೆಯಲ್ಲಿ ‘ಕಬ್ಬಿಣದ ಹಂಚು’ ಎಂದು ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ತಗಡಿನದು, ಅಂದರೆ ಉಕ್ಕಿನ ಹಾಳೆಯನ್ನು ಕತ್ತರಿಸಿ ತಟ್ಟಿದ್ದು ಇಲ್ಲವೇ ಯಂತ್ರದಲ್ಲಿ ಒತ್ತಿದ್ದು. ಬೀಡು ಬೇರೆ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಎರೆದು ಮಾಡುವ ಇದರಲ್ಲಿ ಇಂಗಾಲದ ಪ್ರಮಾಣ ಸುಮಾರು ಶೇ 3ರಿಂದ 4ರಷ್ಟಿರುತ್ತದೆ; ತಗಡಿನ ಉಕ್ಕಿನಲ್ಲಿ ಶೇ 1ನ್ನೂ ಮುಟ್ಟುವುದಿಲ್ಲ. ಆ ಹೆಚ್ಚುವರಿ ಇಂಗಾಲ ಗ್ರಾಫೈಟಿನ ಸಣ್ಣ ಹಾಳೆಗಳಾಗಿ ಕಬ್ಬಿಣದ ನಡುವೆ ಕುಳಿತಿರುವುದರಿಂದ ಬೀಡು ಬಿದ್ದರೆ ಒಡೆಯುತ್ತದೆ. ತಗಡು ಬಿದ್ದರೆ ನೆಗ್ಗುತ್ತದೆ, ಅಷ್ಟೇ.

ಕೈಯಲ್ಲಿ ಹಿಡಿದು ಗುರುತಿಸುವುದೂ ಕಷ್ಟವಲ್ಲ. ಬೀಡಿನ ಮೈ ಮರಳಿನಂತೆ ತುಸು ತರಿತರಿ. ದಪ್ಪ ನಾಲ್ಕೈದು ಮಿಲಿಮೀಟರ್. ಹಿಡಿಕೆ ಮೈಯ ಜೊತೆಗೇ ಎರಕವಾಗಿರುತ್ತದೆ. ಹಿಡಿಕೆಯನ್ನು ರಿವೆಟ್ ಹೊಡೆದು ಅಥವಾ ಬೆಸುಗೆ ಹಾಕಿ ಕೂಡಿಸಿದ್ದರೆ ಅದು ಹೆಚ್ಚಾಗಿ ತಗಡಿನದು. ತಗಡಿನದೆಂದರೆ ಕೀಳೆಂದಲ್ಲ, ಆ ಮಾತಿಗೆ ಮುಂದೆ ಬರುತ್ತೇನೆ.

ಹೆಜ್ಜೆ 1: ಒಂದು ವಾರ ಸಿಂಕ್ ಪರೀಕ್ಷೆ

ಮನೆಯಲ್ಲಿರುವ ಯಾವುದಾದರೂ ಒಂದು ಬಾಣಲೆಯನ್ನು ಆರಿಸಿಕೊಳ್ಳಿ. ಒಂದು ವಾರ ಅದನ್ನು ಬೀಡು ಎಂದೇ ಭಾವಿಸಿ ಬಳಸಿ. ಅಡುಗೆ ಮುಗಿದ ಅರ್ಧ ಗಂಟೆಯೊಳಗೆ ತೊಳೆಯಬೇಕು, ಸಿಂಕಿನಲ್ಲಿ ಇಡಬಾರದು, ಕೂಡಲೇ ಬಟ್ಟೆಯಿಂದ ಒರೆಸಿ ಒಲೆಯ ಮೇಲೆ ಒಂದು ನಿಮಿಷ ಕಾಯಿಸಿ ಒಣಗಿಸಬೇಕು, ನಾಲ್ಕು ಹನಿ ಎಣ್ಣೆ ಸವರಿ ಎತ್ತಿಡಬೇಕು. ಎಲ್ಲ ಸೇರಿ ಮೂರು ನಾಲ್ಕು ನಿಮಿಷದ ಕೆಲಸ.

ಏಳು ದಿನದಲ್ಲಿ ಐದು ದಿನವಾದರೂ ಇದು ನಡೆದರೆ ಮುಂದಿನ ಹೆಜ್ಜೆಗೆ ಹೋಗಿ. ಬೆಳಿಗ್ಗೆ ಏಳೂವರೆಗೆ ಮಕ್ಕಳ ಡಬ್ಬಿ, ಎಂಟಕ್ಕೆ ಬಸ್ಸು ಎನ್ನುವ ಮನೆಯಲ್ಲಿ ಮೂರು ನಿಮಿಷವೂ ದುಬಾರಿಯೇ. ಅಂಥವರಿಗೆ ನಾನು ಬೀಡು ಬೇಡ ಎಂದೇ ಹೇಳುತ್ತೇನೆ. ಭಾನುವಾರದ ದೋಸೆಗೆಂದು ಮಾತ್ರ ಇಟ್ಟುಕೊಳ್ಳುವುದಾದರೆ ಸರಿ. ಅಡುಗೆಯವರು ಒಬ್ಬರು, ತೊಳೆಯುವವರು ಇನ್ನೊಬ್ಬರು ಆಗಿದ್ದರೆ ಕಾವಲಿಯನ್ನು ಅಡುಗೆಯವರೇ ತೊಳೆಯುವುದೆಂದು ಮೊದಲೇ ನಿಶ್ಚಯವಾಗಲಿ. ಡಿಷ್‌ವಾಷರ್ ಇರುವ ಮನೆಗಳಲ್ಲಿ ಅದರೊಳಗೆ ಇದನ್ನು ಎಂದಿಗೂ ಇಡುವಂತಿಲ್ಲ.

ಹೆಜ್ಜೆ 2: ನಿಮ್ಮ ಒಲೆಯ ಮೇಲೆ ಏನು ಬೇಯುತ್ತದೆ?

ನಿಜವಾದ ತೀರ್ಮಾನ ಇಲ್ಲಿದೆ. ಕಳೆದ ಹದಿನೈದು ದಿನ ಮನೆಯಲ್ಲಿ ಏನೇನು ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಆಸೆಯ ಪಟ್ಟಿ ಬೇಡ, ಮಾಡಿದ್ದರ ಪಟ್ಟಿ.

ಅದಕ್ಕೂ ಮುಂಚೆ, ಬೀಡಿನ ಬಗ್ಗೆ ಮಾರುವವರು ಹೇಳುವ ಒಂದು ಮಾತನ್ನು ತಲೆಯಿಂದ ತೆಗೆದುಹಾಕಿ. ‘ಎಲ್ಲ ಕಡೆ ಸಮನಾಗಿ ಕಾಯುತ್ತದೆ’ ಎನ್ನುತ್ತಾರೆ. ಇದು ಸುಳ್ಳು. ಬೀಡಿನ ಶಾಖವಾಹಕತೆ ಅಲ್ಯೂಮಿನಿಯಂನ ಸುಮಾರು ಕಾಲು ಪಾಲಷ್ಟೇ. ಸಣ್ಣ ಬರ್ನರಿನ ಮೇಲೆ ದೊಡ್ಡ ಕಾವಲಿ ಇಟ್ಟರೆ ನಡುವೆ ದೋಸೆ ಸೀಯುತ್ತಿರುವಾಗ ಅಂಚು ಇನ್ನೂ ಬೆಳ್ಳಗಿರುತ್ತದೆ. ಬೀಡಿನ ಗುಣ ಬೇರೆಯೇ. ಮೂವತ್ತು ಸೆಂಟಿಮೀಟರ್ ಅಗಲ, ಐದು ಮಿಲಿಮೀಟರ್ ದಪ್ಪದ ಕಾವಲಿ ಲೆಕ್ಕದಲ್ಲಿ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅಷ್ಟು ತೂಕದ ಲೋಹ ಒಮ್ಮೆ ಕಾದರೆ, ಮಾಮೂಲಿ ತೆಳು ನಾನ್‌ಸ್ಟಿಕ್ ತವಾ ಹಿಡಿದಿಡುವ ಶಾಖದ ಎರಡು ಪಟ್ಟಿಗೂ ಹೆಚ್ಚನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ. ಒಂದು ಸೌಟು ತಣ್ಣಗಿನ ಹಿಟ್ಟು ಬಿದ್ದಾಗ ಅದು ಸುಲಭಕ್ಕೆ ಆರುವುದಿಲ್ಲ. ದೋಸೆಯ ತಳ ಗರಿಗರಿಯಾಗುವುದು, ನೀರ್ ದೋಸೆಗೆ ಜಾಲಿಯಂತೆ ತೂತು ಬೀಳುವುದು ಈ ಕಾರಣಕ್ಕೆ.

ಈಗ ಚೀಟಿ ನೋಡಿ.

ದೋಸೆ, ನೀರ್ ದೋಸೆ, ಉತ್ತಪ್ಪ, ತಾಲಿಪಟ್ಟು, ಎಣ್ಣೆ ಹಾಕಿ ತಟ್ಟುವ ಅಕ್ಕಿರೊಟ್ಟಿ, ಪಡ್ಡು: ಇವು ವಾರಕ್ಕೆ ಎರಡು ಮೂರು ಸಲ ಬಂದಿದ್ದರೆ ಬೀಡು ನಿಮಗೆ ಖಂಡಿತ ಒಗ್ಗುತ್ತದೆ. ಮೀನು ಹುರಿಯುವವರಿಗೂ ಅಷ್ಟೇ, ಆದರೆ ಅದಕ್ಕೊಂದು ಬೇರೆ ಕಾವಲಿ ಇರಲಿ; ಬಂಗುಡೆಯ ವಾಸನೆ ಮರುದಿನದ ದೋಸೆಯಲ್ಲಿ ಬಂದೇ ಬರುತ್ತದೆ.

ಚಪಾತಿಯೇ ಹೆಚ್ಚಾಗಿದ್ದರೆ? ಬೀಡು ಬೇಕಿಲ್ಲ. ಚಪಾತಿಯ ಹಂಚಿನಲ್ಲಿ ದೋಸೆ ಏಳುವುದಿಲ್ಲ ಎಂದು ಹಳಬರು ಹೇಳುತ್ತಿದ್ದುದು ಬರಿಯ ಮಡಿಯ ಮಾತಾಗಿರಲಿಲ್ಲ. ಎಣ್ಣೆಯಿಲ್ಲದ ಜೋರು ಉರಿಯಲ್ಲಿ ಕಾವಲಿಯ ಮೇಲಿನ ಎಣ್ಣೆಯ ಪೊರೆ ಸುಟ್ಟುಹೋಗುತ್ತದೆ, ಒಣ ಹಿಟ್ಟು ಅಲ್ಲಿ ಕರಕಲಾಗಿ ಕೂರುತ್ತದೆ. ಚಪಾತಿಗೂ ಜೋಳದ ರೊಟ್ಟಿಗೂ ಬೇಗ ಕಾಯುವ, ಬೇಗ ಆರುವ ತಗಡಿನ ಹಂಚೇ ಚೆಂದ. ಬೆಲೆಯೂ ಕಡಿಮೆ, ಎತ್ತಲೂ ಹಗುರ. ನಮ್ಮ ಮನೆಯಲ್ಲಿ ಎರಡೂ ಇವೆ, ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚುವುದಿಲ್ಲ.

ಸಾರು, ಹುಳಿ, ಗೊಜ್ಜು, ಟೊಮೆಟೊ ಗ್ರೇವಿ: ಹುಣಸೆಯ ಹುಳಿ ಬೀಡಿನ ಪೊರೆಯನ್ನು ಕರಗಿಸಿ ಕಬ್ಬಿಣವನ್ನು ಕೆರೆಯುತ್ತದೆ. ಸಾರಿಗೆ ನಾಣ್ಯ ಬಾಯಲ್ಲಿಟ್ಟಂಥ ರುಚಿ ಬರುತ್ತದೆ. ಹುಳಿಯಿಲ್ಲದಿದ್ದರೂ ಬಾಳೆಕಾಯಿ, ಬದನೆಯಂಥ ಒಗರು ತರಕಾರಿ ಬೀಡಿನ ಬಾಣಲೆಯಲ್ಲಿ ಕಪ್ಪಾಗುತ್ತದೆ. ಒಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಆಗುವ ಬಣ್ಣವದು. ತಿಂದರೆ ತೊಂದರೆಯಿಲ್ಲ, ಆದರೆ ನೆಂಟರ ಮುಂದೆ ಬಡಿಸಲು ಮನಸ್ಸಾಗುವುದಿಲ್ಲ. ಬೀಡಿನ ಬಾಣಲೆ ಬೇಕೇ ಬೇಕೆಂದರೆ ಒಗ್ಗರಣೆ, ಹುರಿಯುವುದು, ಕರಿಯುವುದು, ಆಲೂಗಡ್ಡೆ ಪಲ್ಯ ಇಷ್ಟಕ್ಕೆ ಇಟ್ಟುಕೊಳ್ಳಿ. ಬೆಂದದ್ದನ್ನು ಅದರಲ್ಲೇ ಬಿಡಬೇಡಿ. ಎನಾಮೆಲ್ ಬಳಿದ ಬೀಡಿನ ಪಾತ್ರೆಗೆ ಹುಳಿಯ ಕಾಟವಿಲ್ಲ ನಿಜ, ಆದರೆ ಅದರ ಬೆಲೆಗೆ ನಾಲ್ಕು ಒಳ್ಳೆಯ ಸ್ಟೀಲ್ ಪಾತ್ರೆ ಬರುತ್ತವೆ. ಸಾರಿಗೆ ಸ್ಟೀಲ್ ಸಾಕು.

ಇದರಿಂದಲೇ ನನ್ನ ಅಭಿಪ್ರಾಯ ನಿಮಗೆ ತಿಳಿದಿರಬಹುದು. ದೋಸೆ ತಿನ್ನುವ ಮನೆಗೆ ಒಂದು ಕಾವಲಿ, ಆಸೆಯಿದ್ದರೆ ಒಂದು ಪಡ್ಡಿನ ಹಂಚು. ಕಾವಲಿ, ಬಾಣಲೆ, ಗ್ರಿಲ್ ಪ್ಯಾನ್, ಒಗ್ಗರಣೆ ಸೌಟು ಎಂದು ಆರು ತುಂಡಿನ ಸೆಟ್ ಕೊಂಡವರ ಮನೆಯಲ್ಲಿ ನಾಲ್ಕು ತುಂಡು ಕಪಾಟಿನಲ್ಲಿ ತುಕ್ಕು ಹಿಡಿಯುತ್ತಿರುತ್ತವೆ.

ಹೆಜ್ಜೆ 3: ಮಣಿಕಟ್ಟು ಮತ್ತು ಒಲೆ

ಉದ್ದ ಹಿಡಿಕೆಯ ಎರಡೂವರೆ ಕಿಲೋ, ಎರಡೂವರೆ ಕಿಲೋ ಅಕ್ಕಿಯ ಚೀಲಕ್ಕಿಂತ ಭಾರವೆನಿಸುತ್ತದೆ, ಏಕೆಂದರೆ ಭಾರವೆಲ್ಲ ಕೈಯಿಂದ ದೂರದಲ್ಲಿರುತ್ತದೆ. ಕೀಲುನೋವು ಇರುವವರು, ವಯಸ್ಸಾದವರು ಒಬ್ಬರೇ ಇರುವ ಮನೆಯವರು ಇಲ್ಲಿಗೇ ನಿಲ್ಲಿಸಬಹುದು. ಅಥವಾ ಎರಡೂ ಬದಿಗೆ ಕಿವಿಯಿರುವ, 25 ಸೆಂಟಿಮೀಟರಿನ ಚಿಕ್ಕದನ್ನು ನೋಡಬಹುದು. ದೋಸೆ ಚಿಕ್ಕದಾದರೆ ಎರಡು ಹೆಚ್ಚು ಹಾಕಿಕೊಂಡರಾಯಿತು.

ಗ್ಯಾಸ್ ಒಲೆಗೆ ತೊಂದರೆಯಿಲ್ಲ; ದೊಡ್ಡ ಬರ್ನರ್ ಬಳಸಿ. ಇಂಡಕ್ಷನ್ ಒಲೆಯ ಮೇಲೂ ಬೀಡು ನಡೆಯುತ್ತದೆ. ಆದರೆ ಒಳಗಿನ ಸುರುಳಿಯಷ್ಟಗಲ ಮಾತ್ರ ಬೇಗ ಕಾಯುವುದರಿಂದ ಮೊದಲೇ ಜೋರು ಇಟ್ಟರೆ ನಡುವೆ ಹಿಗ್ಗಿ ಅಂಚು ತಣ್ಣಗಿದ್ದು ಕಾವಲಿ ಬಿರಿಯಬಹುದು. ಕಡಿಮೆಯಲ್ಲಿ ಆರಂಭಿಸಿ ನಿಧಾನವಾಗಿ ಏರಿಸಿ. ಗಾಜಿನ ಮೇಲೆ ಎಳೆದಾಡಬೇಡಿ, ಎತ್ತಿ ಇಡಿ.

ಹೆಜ್ಜೆ 4: ‘ಕಬ್ಬಿಣಾಂಶ ಸಿಗುತ್ತದೆ’ ಎಂಬ ಮಾತನ್ನು ತೂಗಿ ನೋಡಿ

ಈ ಆಸೆ ಅರ್ಥವಾಗುವಂಥದ್ದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಕಬ್ಬಿಣದ ಪಾತ್ರೆಯಿಂದ ಅಡುಗೆಗೆ ಕಬ್ಬಿಣ ಇಳಿಯುವುದೂ ನಿಜ. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 100 ಗ್ರಾಂ ಸೇಬಿನ ಸಾಸಿನಲ್ಲಿ ಅರ್ಧ ಮಿಲಿಗ್ರಾಂಗಿಂತ ಕಡಿಮೆಯಿದ್ದ ಕಬ್ಬಿಣ, ಬೀಡಿನ ಪಾತ್ರೆಯಲ್ಲಿ ಬೇಯಿಸಿದ ಮೇಲೆ 7 ಮಿಲಿಗ್ರಾಂ ದಾಟಿತ್ತು.

ಆದರೆ ಸೇಬಿನ ಸಾಸ್ ಹುಳಿ, ನೀರುನೀರು, ಬಹಳ ಹೊತ್ತು ಬೇಯುವ ಪದಾರ್ಥ. ಪಳಗಿದ ಕಾವಲಿಯ ಮೇಲೆ ಎರಡು ನಿಮಿಷ ಇದ್ದು ಏಳುವ ದೋಸೆಗೆ ಇಳಿಯುವುದು ತೀರ ಅಲ್ಪ. ಮೇಲಿನ ಎಣ್ಣೆಯ ಪೊರೆ ತಡೆಯಾಗಿರುತ್ತದೆ. ಅಂದರೆ ಯಾವ ಅಡುಗೆಯಿಂದ ಹೆಚ್ಚು ಕಬ್ಬಿಣ ಸಿಗುತ್ತದೆಯೋ ಅದೇ ಅಡುಗೆ ಕಾವಲಿಯನ್ನು ಕೆಡಿಸುತ್ತದೆ. ರಕ್ತಹೀನತೆಗೆ ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ನುಂಗಿ. ಕಾವಲಿಯನ್ನು ದೋಸೆಗಾಗಿ ಕೊಳ್ಳಿ. ಥಲಸ್ಸೀಮಿಯಾ ಅಥವಾ ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಇರುವವರು ಕಬ್ಬಿಣದ ಪಾತ್ರೆ ಬಳಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ನಾನ್‌ಸ್ಟಿಕ್ ಬಗ್ಗೆ ಹೆದರಿ ಬೀಡಿನತ್ತ ಬರುವವರೂ ಇದ್ದಾರೆ. ನಾನ್‌ಸ್ಟಿಕ್‌ನ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಆರಂಭಿಸುತ್ತದೆ; ಖಾಲಿ ತವಾವನ್ನು ಜೋರು ಉರಿಯಲ್ಲಿ ಮರೆತರೆ ಆ ಬಿಸಿ ತಲುಪಲು ಕೆಲವೇ ನಿಮಿಷ ಸಾಕು. ಮಧ್ಯಮ ಉರಿಯಲ್ಲಿ ಮರದ ಸೌಟಿನಿಂದ ಮೊಟ್ಟೆ ಮಾಡಿಕೊಳ್ಳುವವರು ಇರುವ ತವಾವನ್ನು ಇಂದೇ ಬಿಸಾಡಬೇಕಿಲ್ಲ. ಲೇಪನ ಏಳತೊಡಗಿದಾಗ ಬದಲಿಸಿದರೆ ಸಾಕು.

ಹೆಜ್ಜೆ 5: ಅಟ್ಟ ಹತ್ತಿ ನೋಡಿ

ಹಣ ಖರ್ಚು ಮಾಡುವ ಮೊದಲು ಊರಿಗೆ ಫೋನ್ ಮಾಡಿ. ಅತ್ತೆಯ ಮನೆಯಲ್ಲೋ, ಚಿಕ್ಕಮ್ಮನ ಅಟ್ಟದಲ್ಲೋ ಹಳೆಯ ಕಾವಲಿ ಇದ್ದೀತು. ನಮ್ಮ ಅಜ್ಜಿಯದ್ದು ನಾನ್‌ಸ್ಟಿಕ್ ಬಂದ ಹೊಸತರಲ್ಲಿ ಗುಜರಿಯವನ ತಕ್ಕಡಿ ಏರಿತು. ನಿಮ್ಮ ಮನೆಯವರು ಅಷ್ಟು ಆಧುನಿಕರಾಗಿರದಿದ್ದರೆ ಒಳ್ಳೆಯದೇ ಆಯಿತು.

ತುಕ್ಕು ಹಿಡಿದಿದ್ದರೆ ಗಾಬರಿ ಬೇಡ. ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಅರ್ಧ ಗಂಟೆ ನೆನೆಸಿ, ಸ್ಟೀಲ್ ನಾರಿನಿಂದ ಉಜ್ಜಿ. ಹುಣಸೆಹಣ್ಣಿನ ನೀರೂ ಆಗುತ್ತದೆ. ರಾತ್ರಿಯಿಡೀ ನೆನೆಹಾಕಬೇಡಿ, ತುಕ್ಕು ತಿಂದ ಹುಳಿ ಆಮೇಲೆ ಕಬ್ಬಿಣವನ್ನೇ ತಿನ್ನುತ್ತದೆ. ತೊಳೆದು ಕೂಡಲೇ ಒಲೆಯ ಮೇಲೆ ಒಣಗಿಸಿ. ನಂತರ ಬೆಳಕಿಗೆ ಹಿಡಿದು ನೋಡಿ: ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬಿಡಿ. ಬಿರುಕು ಬಿಟ್ಟ ಬೀಡು ಒಂದಲ್ಲ ಒಂದು ದಿನ ಒಲೆಯ ಮೇಲೆಯೇ ಎರಡಾಗುತ್ತದೆ. ಕಪ್ಪು ಮಸಿಯ ಗಡ್ಡೆಗಳು ಕಟ್ಟಿದ್ದರೆ ಅದು ದೋಷವೇನಲ್ಲ, ಕೆರೆದು ತೆಗೆಯಬಹುದು.

ಹೆಜ್ಜೆ 6: ಅಂಗಡಿಯಲ್ಲಿ

ಸಾಧ್ಯವಾದರೆ ಕೈಯಿಂದ ಮುಟ್ಟಿ ನೋಡಿ ಕೊಳ್ಳಿ. ಮನೆಗೆ ತರಿಸಿಕೊಂಡ ನನ್ನ ಎರಡನೆಯ ಕಾವಲಿ ಡಬ್ಬಿಯೊಳಗೇ ಒಡೆದು ಬಂದಿತ್ತು; ಅದನ್ನು ಹಿಂದಿರುಗಿಸಲು ಹನ್ನೆರಡು ದಿನ ಬೇಕಾಯಿತು. ತರಿಸಿಕೊಳ್ಳುವುದಾದರೆ ಡಬ್ಬಿ ತೆರೆಯುವಾಗಲೇ ವಿಡಿಯೊ ತೆಗೆದಿಡಿ.

ಒಂದು ಚಿಕ್ಕ ಸ್ಕೇಲ್ ಜೊತೆಗೆ ಒಯ್ಯಿರಿ. ಅಡುಗೆಯ ಮೈಮೇಲೆ ಅಡ್ಡಲಾಗಿ ಇಟ್ಟು ಕೆಳಗಿನಿಂದ ಬೆಳಕು ಎಷ್ಟು ತೂರುತ್ತದೆ ನೋಡಿ. ನಡುವೆ ತುಸು ತಗ್ಗಿರುವುದು ಸಹಜ. ನಡು ಉಬ್ಬಿದ್ದರೆ ಎಣ್ಣೆ, ನೀರ್ ದೋಸೆಯ ಹಿಟ್ಟು ಎರಡೂ ಅಂಚಿಗೆ ಓಡುತ್ತವೆ, ಬೇಡ. ಗಾಜಿನ ಕೌಂಟರಿನ ಮೇಲೆ ಇಟ್ಟಾಗ ಅಲುಗಾಡಬಾರದು. ಬೆರಳಿನಿಂದ ಸವರಿದಾಗ ನುಣ್ಣನೆಯ ಮರಳುಕಾಗದದಂತಿದ್ದರೆ ಸರಿ, ಗುಳಿ ಅಥವಾ ಮೊನೆ ಸಿಕ್ಕಬಾರದು. ಅಡುಗೆಯ ಮೈಯನ್ನು ಯಂತ್ರದಲ್ಲಿ ತೀಡಿ ನುಣುಪು ಮಾಡಿದವೂ ಸಿಗುತ್ತವೆ. ಅವು ಬೇಗ ಪಳಗುತ್ತವೆ, ಬೆಲೆ ಸ್ವಲ್ಪ ಹೆಚ್ಚು. ಸಾಮಾನ್ಯ ದೋಸೆ ಕಾವಲಿ ಒಂದು ಸಾವಿರದ ಆಸುಪಾಸಿನಿಂದ ಎರಡು ಸಾವಿರದೊಳಗೆ ಸಿಗಬೇಕು. ಅದಕ್ಕಿಂತ ಬಹಳ ಹೆಚ್ಚು ಕೇಳಿದರೆ ಏಕೆಂದು ಕೇಳಿ. ‘ಪಳಗಿಸಿದ್ದು’ ಎಂದು ಮಾರುವುದನ್ನು ಅರ್ಧ ಮಾತ್ರ ನಂಬಿ. ಕಾರ್ಖಾನೆಯಲ್ಲಿ ಎಣ್ಣೆ ಸವರಿ ಕಾಯಿಸಿರುತ್ತಾರೆ, ತುಕ್ಕು ತಡೆಯಲು ಅದು ಸಾಕು. ನೀರ್ ದೋಸೆ ಏಳಲು ಸಾಲದು.

ಹೆಜ್ಜೆ 7: ಪಳಗಿಸುವುದು

ಹೊಸ ಕಾವಲಿಯನ್ನು ಬಿಸಿನೀರು, ಸೋಪು ಹಾಕಿ ಒಮ್ಮೆ ಚೆನ್ನಾಗಿ ಉಜ್ಜಿ. ಪಳಗಿಸದ ಬೀಡಿಗೆ ತುಕ್ಕು ಬಾರದಿರಲೆಂದು ಹಚ್ಚಿದ ಎಣ್ಣೆಯೋ ಮೇಣವೋ ಇರುತ್ತದೆ. ಮೂರು ದಿನ ಅಕ್ಕಚ್ಚಿನಲ್ಲಿ (ಅಕ್ಕಿ ತೊಳೆದ ನೀರಿನಲ್ಲಿ) ನೆನೆಸಿಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಹುಳಿ ಬಂದ ಅಕ್ಕಚ್ಚು ಸಡಿಲ ತುಕ್ಕನ್ನೂ ಕೊಳೆಯನ್ನೂ ಬಿಡಿಸುತ್ತದೆ ಎಂಬುದು ನಿಜ. ಆದರೆ ದೋಸೆ ಏಳಿಸುವ ಪೊರೆ ಕಟ್ಟುವುದು ಎಣ್ಣೆ ಮಾತ್ರ, ಆದ್ದರಿಂದ ನಾನು ಆ ಮೂರು ದಿನವನ್ನು ಬಿಟ್ಟಿದ್ದೇನೆ.

ಯಾವ ಎಣ್ಣೆ? ಶಾಖಕ್ಕೆ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುವಂಥದ್ದು. ಸೂರ್ಯಕಾಂತಿ ಚೆನ್ನ, ಕಡಲೆಕಾಯಿ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ, ತುಪ್ಪ ಈ ಕೆಲಸಕ್ಕೆ ಬಾರವು. ಅವುಗಳ ಕೊಬ್ಬು ಹೀಗೆ ಹೆಣೆದುಕೊಳ್ಳುವ ಜಾತಿಯದ್ದಲ್ಲ. ಕರಾವಳಿಯವರು ಮುನಿಸಿಕೊಳ್ಳಬೇಡಿ, ದೋಸೆ ಹಾಕುವಾಗ ಧಾರಾಳವಾಗಿ ಬಳಸಿ, ಪಳಗಿಸಲು ಬೇಡ ಎಂದಷ್ಟೇ ಹೇಳಿದೆ. ಅಗಸೆ ಎಣ್ಣೆ ಬಲು ಗಟ್ಟಿ ಪೊರೆ ಕಟ್ಟುತ್ತದೆ, ಆದರೆ ಕೆಲವು ತಿಂಗಳಲ್ಲಿ ಹಪ್ಪಳದಂತೆ ಎದ್ದು ಬರುವುದುಂಟು.

ಕಾವಲಿ ಬಿಸಿಯಾದ ಮೇಲೆ ಅರ್ಧ ಚಮಚ ಎಣ್ಣೆಯನ್ನು ಹತ್ತಿ ಬಟ್ಟೆಯಿಂದ ಹಿಂದೆ ಮುಂದೆ ಎರಡೂ ಕಡೆ ಸವರಿ. ಆಮೇಲೆ ಒಣ ಬಟ್ಟೆ ತೆಗೆದುಕೊಂಡು, ತಪ್ಪಿ ಹಚ್ಚಿದ್ದೇನೋ ಎಂಬಂತೆ ಆ ಎಣ್ಣೆಯನ್ನೆಲ್ಲ ಒರೆಸಿಹಾಕಿ. ಉಳಿಯುವ ತೆಳು ಪಸೆಯೇ ಬೇಕಾದದ್ದು. ದಪ್ಪಗೆ ಬಿಟ್ಟರೆ ಅಂಟಂಟು ಗೋಂದಾಗುತ್ತದೆ. ಕಿಟಕಿ ತೆರೆದು, ಹೊಗೆ ಬಂದು ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಲು ಬಿಡಿ. ಇದು ಒಂದು ಸುತ್ತು. ನಾಲ್ಕೈದು ಸುತ್ತು ಮಾಡಿದರೆ ಬೂದು ಮೈ ಕಂದಾಗಿ, ಕಂದು ಕಪ್ಪಾಗಿ ತಿರುಗುತ್ತದೆ.

ಮೊದಲ ದಿನವೇ ನೀರ್ ದೋಸೆಗೆ ಕೈಹಾಕಬೇಡಿ, ಅಳು ಬರುತ್ತದೆ. ಮೊದಲು ಈರುಳ್ಳಿಯನ್ನು ಎಣ್ಣೆಯಲ್ಲಿ ಕಂದಾಗುವವರೆಗೆ ಹುರಿದು ಎಸೆಯಿರಿ. ಒಂದು ವಾರ ಎಣ್ಣೆ ಬೇಡುವ ತಾಲಿಪಟ್ಟು, ಉತ್ತಪ್ಪ ಮಾಡಿ. ಬಳಿಕ ಸೆಟ್ ದೋಸೆ, ಅದರ ಬಳಿಕ ತೆಳು ದೋಸೆ. ಪ್ರತಿ ಸಲವೂ ಮಧ್ಯಮ ಉರಿಯಲ್ಲಿ ಐದಾರು ನಿಮಿಷ, ನಡುನಡುವೆ ತಿರುಗಿಸುತ್ತ ಕಾಯಿಸಿ. ನೀರು ಚಿಮುಕಿಸಿದರೆ ಚುರ್ ಎಂದು ಕೂಡಲೇ ಆವಿಯಾಗಬೇಕು. ಹನಿಗಳು ಮಣಿಯಂತೆ ಉರುಳಾಡಿದರೆ ಕಾವಲಿ ಮಿತಿಮೀರಿ ಕಾದಿದೆ; ಹಿಟ್ಟು ಕಾವಲಿಗೆ ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ. ಅರ್ಧ ಈರುಳ್ಳಿಯಿಂದಲೋ ಬದನೆಕಾಯಿಯ ತೊಟ್ಟಿನಿಂದಲೋ ಎಣ್ಣೆ ಉಜ್ಜುವ ಹಳೆಯ ಕ್ರಮವನ್ನು ಬಿಡಬೇಡಿ, ಅಷ್ಟು ಹದವಾಗಿ ಎಣ್ಣೆ ಸವರುವ ಸಾಧನ ಇನ್ನೊಂದಿಲ್ಲ. ಒಂದು ದೋಸೆ ಹರಿದರೆ ಬೈದುಕೊಳ್ಳದೆ ಅಲ್ಲೇ ಬಿಡಿ. ಕೆಂಪಗಾದ ಮೇಲೆ ತಾನಾಗಿ ಏಳುತ್ತದೆ.

ತೊಳೆಯಲು ಬಿಸಿನೀರು, ತೆಂಗಿನ ನಾರು ಸಾಕು. ಅಂಟಿದ್ದರೆ ಕಲ್ಲುಪ್ಪು ಹಾಕಿ ಉಜ್ಜಿ. ಸ್ವಲ್ಪ ಸೋಪು ಮುಟ್ಟಿದರೆ ಈ ಪೊರೆ ಹೋಗುವುದಿಲ್ಲ, ಆ ಹೆದರಿಕೆ ಕ್ಷಾರದ ಸೋಪಿನ ಕಾಲದ್ದು. ಹೆದರಬೇಕಾದದ್ದು ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿಯಲು. ಆ ಟಕ್ ಎಂಬ ಸದ್ದು ಕೇಳಿದವರು ಮರೆಯುವುದಿಲ್ಲ.

ಬೇಸಿಗೆ ರಜೆಗೆ ಹದಿನೈದು ದಿನ ಊರಿಗೆ ಹೊರಟಿದ್ದರೆ ಕಾವಲಿಯನ್ನು ಕಾಯಿಸಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಹಳೆಯ ಪತ್ರಿಕೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಮನೆಯಾದರೆ ಸುತ್ತಿಟ್ಟದ್ದನ್ನು ಗೋಡೆಗೆ ತಾಗಿಸಬೇಡಿ. ಮರಳಿ ಬಂದಾಗ ಕಮಟು ವಾಸನೆ ಬಂದರೆ ಒಮ್ಮೆ ಹೊಗೆಯಾಡುವವರೆಗೆ ಕಾಯಿಸಿ, ಉಪ್ಪು ಹಾಕಿ ಉಜ್ಜಿ ಒರೆಸಿ. ಮೊದಲ ದೋಸೆಯನ್ನು ಹೇಗೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.